ಸಂಬಳ ಇಲ್ಲದೆ ಬೆಂಕಿಗೆ ಇಳಿಯುವವರು

ಬೆಂಕಿ ಬಿದ್ದರೆ 101ಕ್ಕೆ ಫೋನು ಮಾಡುತ್ತೇವೆ. ಬರುವವರು ಸರಕಾರದ ನೌಕರರು, ಅವರಿಗೆ ಸಂಬಳ ಉಂಟು. ಆದರೆ ದಕ್ಷಿಣ ಅಮೆರಿಕದ ಚಿಲಿ ದೇಶದಲ್ಲಿ ಹಾಗಲ್ಲ. ಅಲ್ಲಿ ಊರಿನ ಬೆಂಕಿ ನಂದಿಸುವವರೆಲ್ಲ ಸ್ವಯಂಸೇವಕರು. ಅಂಗಡಿಯವರು, ಮೇಸ್ತ್ರಿಗಳು, ವಕೀಲರು, ಕಾಲೇಜು ಹುಡುಗರು. ಕೆಲವು ಕಡೆ ಗಾಡಿ ಓಡಿಸುವವನಿಗೆ ಮಾತ್ರ ಸಂಬಳ. ಉಳಿದವರಿಗೆ ಒಂದು ಪೈಸೆ ಇಲ್ಲ, ಸಾಲದ್ದಕ್ಕೆ ತಮ್ಮ ಘಟಕಕ್ಕೆ ವಂತಿಗೆಯನ್ನೂ ಅವರೇ ಕಟ್ಟಬೇಕು! 170 ವರ್ಷಗಳಿಂದ ಇದು ಹೀಗೆಯೇ ನಡೆದುಕೊಂಡು ಬಂದಿದೆ.

ಬಂದರಿನಲ್ಲಿ ಹುಟ್ಟಿದ ಪಡೆ

ವಾಲ್ಪರೈಸೊ ಚಿಲಿಯ ದೊಡ್ಡ ಬಂದರು. ಸಮುದ್ರಕ್ಕೆ ತಾಗಿಕೊಂಡೇ ಗುಡ್ಡ, ಗುಡ್ಡದ ಮೇಲೆ ಒತ್ತೊತ್ತಾಗಿ ಮನೆಗಳು. 1850ರ ಡಿಸೆಂಬರ್ 15ರಂದು ಅಲ್ಲಿನ ವ್ಯಾಪಾರದ ಬೀದಿ ಸುಟ್ಟುಹೋಯಿತು. ಇನ್ನು ಯಾರನ್ನೂ ಕಾಯುವುದು ಬೇಡ ಎಂದು ಊರವರೇ ಸೇರಿ 1851ರ ಜೂನ್ 30ರಂದು ಪಡೆ ಕಟ್ಟಿದರು. ವ್ಯಾಪಾರಕ್ಕೆ ಬಂದು ನೆಲೆಸಿದ್ದ ಜರ್ಮನ್, ಫ್ರೆಂಚ್, ಇಟಾಲಿಯನ್ ಜನರೂ ತಮ್ಮ ತಮ್ಮ ಘಟಕ ಮಾಡಿಕೊಂಡರು. ಹೊಟ್ಟೆಪಾಡಿಗೆ ಬಂದ ಊರು ಅವರಿಗೂ ಸ್ವಂತ ಊರಾಯಿತು.

ರಾಜಧಾನಿ ಸಾಂಟಿಯಾಗೊಗೆ ಬುದ್ಧಿ ಬಂದದ್ದು ಬಹಳ ದೊಡ್ಡ ದುಃಖದ ನಂತರ. 1863ರ ಡಿಸೆಂಬರ್ 8ರ ಸಂಜೆ ಹಬ್ಬದ ಪ್ರಾರ್ಥನೆಗೆ ಕಿಕ್ಕಿರಿದು ತುಂಬಿದ್ದ ಚರ್ಚಿನಲ್ಲಿ ದೀಪದಿಂದ ಬೆಂಕಿ ಹಿಡಿಯಿತು. ಬಾಗಿಲಲ್ಲಿ ಜನ ಒಬ್ಬರ ಮೇಲೊಬ್ಬರು ಬಿದ್ದರು. 2,000ಕ್ಕೂ ಹೆಚ್ಚು ಮಂದಿ ತೀರಿಹೋದರು, ಹೆಚ್ಚಿನವರು ಹೆಂಗಸರು. ಹೊಸೆ ಲೂಯಿಸ್ ಕ್ಲಾರೊ ಎಂಬವರು ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಯುವಕರನ್ನು ಕರೆದರು. ಡಿಸೆಂಬರ್ 20ಕ್ಕೆ, ಎಂದರೆ ಹನ್ನೆರಡೇ ದಿನದಲ್ಲಿ, ಪಡೆ ತಯಾರಾಯಿತು.

ಸರಿಯಾಗಿ ಏಳು ವರ್ಷದ ನಂತರ, 1870ರ ಡಿಸೆಂಬರ್ 8ರಂದು, ನಗರದ ನಾಟಕಶಾಲೆಗೆ ಬೆಂಕಿ ಬಿತ್ತು. ಇಟಲಿಯಿಂದ ಬಂದಿದ್ದ ಜರ್ಮಾನ್ ಟೆಂಡೆರಿನಿ ಅದರಲ್ಲಿ ಪ್ರಾಣ ಕೊಟ್ಟರು. ಆ ಪಡೆಯಲ್ಲಿ ಸೇವೆಯ ವೇಳೆ ಮಡಿದ ಮೊದಲಿಗರು ಅವರು. ನಾಟಕಶಾಲೆಯ ಪಕ್ಕದ ಬೀದಿಗೆ ಇಂದಿಗೂ ಅವರದೇ ಹೆಸರು.

ಒಳಗೆ ಏನಿತ್ತು?

1953ರ ಹೊಸವರ್ಷದ ರಾತ್ರಿ. ವಾಲ್ಪರೈಸೊದ ಮರದ ಡಿಪೋದಲ್ಲಿ ಬೆಂಕಿ. ಊರೆಲ್ಲ ಹಬ್ಬದಲ್ಲಿದ್ದಾಗ ಸ್ವಯಂಸೇವಕರು ಓಡಿಬಂದರು. ಪಕ್ಕದಲ್ಲೇ ರಸ್ತೆ ಇಲಾಖೆಯ ಉಗ್ರಾಣ, ಅದರೊಳಗೆ ಸ್ಫೋಟಕ. ಅದು ಸಿಡಿಯಿತು. 36 ಮಂದಿ ಅಗ್ನಿಶಾಮಕರು ಹೋದರು. ಒಂದೇ ರಾತ್ರಿಯಲ್ಲಿ ಎಷ್ಟು ತಾಯಂದಿರ ಒಡಲು ಬರಿದಾಯಿತು ನೋಡಿ.

ಇಷ್ಟಾದರೂ ಪಡೆ ನಿಲ್ಲಲಿಲ್ಲ. ಇಂದು ಚಿಲಿಯಲ್ಲಿ ಇಂಥ 300ಕ್ಕೂ ಹೆಚ್ಚು ಪಡೆಗಳಿವೆ. ಸರಕಾರ ಯಂತ್ರ, ಉಪಕರಣಗಳಿಗೆ ಹಣ ಕೊಡುತ್ತದೆ. ಅದು ಸಾಲದಿದ್ದಾಗ ಬೀದಿಯಲ್ಲಿ ಡಬ್ಬಿ ಹಿಡಿದು ವಂತಿಗೆ ಎತ್ತುತ್ತಾರೆ, ಲಕ್ಕಿ ಡ್ರಾ ಮಾಡುತ್ತಾರೆ. ಹಗಲು ದುಡಿದು ರಾತ್ರಿ ಠಾಣೆಯಲ್ಲೇ ಮಲಗುವವರೂ ಉಂಟು. ರಸ್ತೆ ಅಪಘಾತಕ್ಕೂ ಭೂಕಂಪಕ್ಕೂ ಇವರೇ ಬೇಕು.

ಹಾಗಂತ ಎಲ್ಲ ಸರಿ ಉಂಟು ಅಂತ ಅಲ್ಲ. 2024ರ ಫೆಬ್ರವರಿಯಲ್ಲಿ ವಾಲ್ಪರೈಸೊ ಪ್ರಾಂತ್ಯದ ಕಾಳ್ಗಿಚ್ಚಿಗೆ 130ಕ್ಕೂ ಹೆಚ್ಚು ಜನ ಬಲಿಯಾದರು. ಆ ಬೆಂಕಿ ಹಚ್ಚಿದ ಆರೋಪದಲ್ಲಿ ಸಿಕ್ಕಿಬಿದ್ದವರಲ್ಲಿ ಒಬ್ಬ ಸ್ವಯಂಸೇವಕ ಅಗ್ನಿಶಾಮಕನೂ ಇದ್ದ. ನಂಬಿಕೆಯ ಮೇಲೆ ನಿಂತ ಸೇವೆಗೆ ಇದಕ್ಕಿಂತ ದೊಡ್ಡ ಪೆಟ್ಟು ಬೇರೆ ಇಲ್ಲ. ಸಮವಸ್ತ್ರ ಕೊಟ್ಟರೆ ಸಾಲದು, ಯಾರಿಗೆ ಕೊಡುತ್ತೇವೆ ಎಂದು ನೋಡುವುದೂ ಸೇವೆಯ ಭಾಗವೇ.

ನಮ್ಮ ಹುಡುಗರೂ ಹಾಗೆಯೇ, ಅಪಘಾತ ಆಗಲಿ, ನೆರೆ ಬರಲಿ, ಕರೆಯುವ ಮೊದಲೇ ಓಡುತ್ತಾರೆ. ಅವರಿಗೆ ಮನಸ್ಸುಂಟು, ತರಬೇತಿ ಬೇಕು. ಮನೆಯಲ್ಲಿರುವ ನಮಗೂ ಒಂದು ಕೆಲಸ ಉಂಟು. ಅಗ್ನಿಶಾಮಕ ಗಾಡಿ ಬಂದ ಕೂಡಲೇ ಒಳಗೆ ಗ್ಯಾಸ್ ಸಿಲಿಂಡರ್ ಉಂಟಾ, ಪೆಟ್ರೋಲ್ ಉಂಟಾ, ಯಾರಾದರೂ ಸಿಕ್ಕಿಬಿದ್ದಿದ್ದಾರಾ ಎಂದು ಅವರಿಗೆ ಮೊದಲು ಹೇಳಿ. ನಮ್ಮ ಮನೆ ಉಳಿಸಲು ಬಂದವನು ಅವನ ಮನೆಗೂ ವಾಪಸು ಹೋಗಬೇಕಲ್ವಾ?