ಕೂಲಿಕಾರರೇ ಗುತ್ತಿಗೆ ಹಿಡಿದಾಗ: ಊರಾಳುಂಗಲ್ ಸಂಘ ಬೆಳೆದ ಬಗೆ

ಮಂಗಳೂರಿನಿಂದ ಕಾಸರಗೋಡಿಗೆ ಹೊರಟವರಿಗೆ ತಲಪಾಡಿ ಗಡಿ ದಾಟುತ್ತಲೇ ಆರು ಪಥದ ಹೊಸ ಹೆದ್ದಾರಿ ಸಿಗುತ್ತದೆ. ಅಲ್ಲಿಂದ ಚೆಂಗಳದವರೆಗೆ ಸುಮಾರು 39 ಕಿಲೋಮೀಟರ್. ಕಾಸರಗೋಡು ಪೇಟೆಯ ನಡುವೆ ಆರೂ ಪಥಗಳನ್ನು ಒಂದೇ ಸಾಲಿನ ಕಂಬಗಳು ಹೊತ್ತ ಮೇಲುಸೇತುವೆಯೂ ಈ ದಾರಿಯಲ್ಲಿದೆ. ಇದನ್ನೆಲ್ಲ ಕಟ್ಟಿದ್ದು ಕೋಝಿಕ್ಕೋಡ್ ಜಿಲ್ಲೆಯ ವಡಗರದ ಹತ್ತಿರ ಹುಟ್ಟಿದ ಒಂದು ಕಾರ್ಮಿಕ ಸಹಕಾರ ಸಂಘ. ಹೆಸರು ಊರಾಳುಂಗಲ್ ಲೇಬರ್ ಕಾಂಟ್ರಾಕ್ಟ್ ಕೋ-ಆಪರೇಟಿವ್ ಸೊಸೈಟಿ. 2025ರ ಫೆಬ್ರವರಿಗೆ ಅದಕ್ಕೆ ನೂರು ವರ್ಷ ತುಂಬಿತು.

ಬಹಿಷ್ಕಾರಕ್ಕೆ ಕಂಡುಕೊಂಡ ಉತ್ತರ

ಸಂಘದ ಬೇರು ಇರುವುದು ಸಮಾಜ ಸುಧಾರಣೆಯಲ್ಲಿ. ಸಮಾಜ ಸುಧಾರಕ ವಾಗ್ಭಟಾನಂದರು 1917ರಲ್ಲಿ ಆತ್ಮವಿದ್ಯಾ ಸಂಘ ಕಟ್ಟಿ, ಜಾತಿಭೇದ ಮತ್ತು ಮೂಢನಂಬಿಕೆಗಳ ವಿರುದ್ಧ ಮಲಬಾರಿನ ಊರೂರುಗಳಲ್ಲಿ ಮಾತಾಡುತ್ತಿದ್ದರು. ಕಾರಕ್ಕಾಡಿನ ಬಡ ಕೂಲಿಕಾರರು ಅವರ ಹಿಂದೆ ನಿಂತರು. ಊರಿನ ಜಮೀನ್ದಾರರಿಗೆ ಇದು ಸಹ್ಯವಾಗಲಿಲ್ಲ. ಇವರನ್ನು ಕೆಲಸಕ್ಕೆ ಕರೆಯುವುದನ್ನೇ ನಿಲ್ಲಿಸಿದರು, ಇವರ ಮಕ್ಕಳಿಗೆ ಶಾಲೆಯ ಬಾಗಿಲು ಮುಚ್ಚಿತು.

ದಿನದ ಕೂಲಿ ನಂಬಿ ಬದುಕುವವರಿಗೆ ಇದಕ್ಕಿಂತ ದೊಡ್ಡ ಪೆಟ್ಟಿಲ್ಲ. ಅವರು ತಮ್ಮದೇ ಶಾಲೆ ತೆರೆದರು, ತಮ್ಮದೇ ಸಾಲದ ಸಂಘ ಮಾಡಿಕೊಂಡರು. 1925ರಲ್ಲಿ 14 ಮಂದಿ ಸೇರಿ ಕೂಲಿಕೆಲಸಗಾರರ ಪರಸ್ಪರ ಸಹಾಯ ಸಂಘವನ್ನು ನೋಂದಾಯಿಸಿದರು. ಕೈಯಲ್ಲಿದ್ದ ಬಂಡವಾಳ ಆಣೆಗಳ ಲೆಕ್ಕದ್ದು. ಕೆಲಸ ಕೊಡುವವರು ಇಲ್ಲವೆಂದಾದರೆ ಕೆಲಸವನ್ನು ನಾವೇ ಹಿಡಿಯೋಣ ಎಂಬುದು ಅವರ ನಿರ್ಧಾರ. ಮಣ್ಣಿನ ರಸ್ತೆಯ ರಿಪೇರಿ, ಮೋರಿಗಳಂಥ ಸಣ್ಣ ಗುತ್ತಿಗೆಗಳಿಂದ ಆರಂಭವಾಯಿತು. ಮೊದಲ ಹಲವು ವರ್ಷ ದೊಡ್ಡ ಲಾಭವೇನೂ ಬರಲಿಲ್ಲ. ಆದರೂ ಸಂಘ ಮುಚ್ಚಲಿಲ್ಲ, ಏಕೆಂದರೆ ಮುಚ್ಚಿದರೆ ಸದಸ್ಯರೇ ಮತ್ತೆ ಬೀದಿಗೆ ಬೀಳುತ್ತಿದ್ದರು.

ಒಳಗಿನ ವ್ಯವಸ್ಥೆ

ಇಲ್ಲಿ ಮತ ಹಾಕುವ ಹಕ್ಕು ದುಡಿಯುವ ಸದಸ್ಯರದು. ಷೇರು ಎಷ್ಟೇ ಇರಲಿ, ಒಬ್ಬರಿಗೆ ಒಂದೇ ಮತ. ಆಡಳಿತ ಮಂಡಳಿಗೆ ಆರಿಸಿ ಬರುವವರೂ ಗಾರೆ, ಕಲ್ಲು, ಡಾಂಬರಿನ ಕೆಲಸ ಬಲ್ಲವರೇ. ನಿರ್ದೇಶಕರು ಹಗಲು ಸೈಟುಗಳಲ್ಲಿರುತ್ತಾರೆ, ಸಂಜೆ ಪ್ರಧಾನ ಕಚೇರಿಯಲ್ಲಿ ಸೇರುತ್ತಾರೆ. ಯಾವ ಸೈಟಿನಲ್ಲಿ ಇವತ್ತು ಎಷ್ಟು ಕೆಲಸ ಮುಗಿಯಿತು, ನಾಳೆ ಎಲ್ಲಿಗೆ ಜಲ್ಲಿ ಹೋಗಬೇಕು, ಎಲ್ಲಿ ಯಂತ್ರ ಖಾಲಿ ಕೂತಿದೆ, ಎಲ್ಲಿ ಆಳು ಕಮ್ಮಿ ಎಂಬುದು ಅಲ್ಲೇ ತೀರ್ಮಾನವಾಗುತ್ತದೆ. ಮಾರನೆಯ ಬೆಳಿಗ್ಗೆ ಯಾರೂ ಸಾಮಾನಿಗಾಗಿ ಕಾಯುತ್ತ ಕೂರುವಂತಿಲ್ಲ.

ಕೆಲಸವನ್ನು ತುಂಡುಗುತ್ತಿಗೆಗೆ ಬಿಡಬಾರದೆಂಬುದು ಸಂಘದ ನಿಲುವು. ತುಂಡುಗುತ್ತಿಗೆಯಲ್ಲಿ ಕೈ ಬದಲಾದಷ್ಟೂ ಕಮಿಷನ್ ಸೋರುತ್ತದೆ. ಕೊನೆಗೆ ಸಿಮೆಂಟು ಕಡಿಮೆಯಾಗುತ್ತದೆ, ಇಲ್ಲವೇ ಕೂಲಿ ಕಡಿಮೆಯಾಗುತ್ತದೆ. ಇಲ್ಲಿ ಉಳಿದ ಹಣ ಕೂಲಿ, ಬೋನಸ್, ಭವಿಷ್ಯನಿಧಿ ಮತ್ತು ಹೊಸ ಯಂತ್ರಗಳಿಗೆ ಹೋಗುತ್ತದೆ. ಸರ್ಕಾರದ ಬಿಲ್ ತಡವಾದಾಗ ಗುತ್ತಿಗೆದಾರರು ಬಡ್ಡಿಸಾಲಕ್ಕೆ ಸಿಕ್ಕಿ ಸೋಲುವುದು ನಮ್ಮ ಕಡೆಯೂ ಕಾಣುವ ಮಾತು. ಊರಾಳುಂಗಲ್ಲಿಗೆ ಆ ಹೊತ್ತಿನಲ್ಲಿ ಆಸರೆಯಾಗುವುದು ಜನ ನಂಬಿ ಇಟ್ಟ ಠೇವಣಿ.

ಆ ನಂಬಿಕೆಗೆ ಕಾರಣ ಕೆಲಸ. ಕೊಚ್ಚಿಯ ಪಾಲಾರಿವಟ್ಟಂ ಮೇಲುಸೇತುವೆ 2016ರಲ್ಲಿ ತೆರೆದು ಮೂರೇ ವರ್ಷದಲ್ಲಿ ಬಿರುಕುಗಳಿಂದಾಗಿ ಮುಚ್ಚಬೇಕಾಯಿತು. ಅದನ್ನು ಸರಿಪಡಿಸುವ ಹೊಣೆ ದೆಹಲಿ ಮೆಟ್ರೋ ನಿಗಮಕ್ಕೆ ಬಂತು, ಕೆಲಸ ಊರಾಳುಂಗಲ್ಲಿನ ಪಾಲಾಯಿತು. ಹಳೆಯ ಗರ್ಡರುಗಳನ್ನು ಕತ್ತರಿಸಿ ಇಳಿಸಿ, ಕಂಬಗಳನ್ನು ಬಲಪಡಿಸಿ, ಹೊಸ ಗರ್ಡರು ಕೂರಿಸಿದರು. ಕೊಟ್ಟ ಗಡುವಿಗಿಂತ ಮುಂಚೆಯೇ, ಸುಮಾರು ಅರ್ಧ ವರ್ಷದಲ್ಲಿ ಕೆಲಸ ಮುಗಿದು 2021ರ ಮಾರ್ಚಿನಲ್ಲಿ ಸೇತುವೆ ಮತ್ತೆ ತೆರೆಯಿತು.

ರಸ್ತೆಯಾಚೆಗೆ

ಕೂಲಿಕಾರರ ಮಕ್ಕಳು ಓದಿದರು. ಪದವಿ ಪಡೆದವರಿಗೆ ರಸ್ತೆ ಕೆಲಸ ಒಂದೇ ಸಾಲದು. ಸಂಘದ ಕವಲುಗಳು ಮುಖ್ಯವಾಗಿ ಈ ಅಗತ್ಯದಿಂದ ಒಡೆದವು. ಕೋಝಿಕ್ಕೋಡಿನಲ್ಲಿ ಯುಎಲ್ ಸೈಬರ್‌ಪಾರ್ಕ್ ಎಂಬ ಐಟಿ ಪಾರ್ಕ್ ಕಟ್ಟಿ 2016ರಲ್ಲಿ ತೆರೆದರು. ತಮ್ಮದೇ ಸಾಫ್ಟ್‌ವೇರ್ ಸಂಸ್ಥೆಯನ್ನೂ ಶುರುಮಾಡಿದರು.

ಇರಿಂಗಲ್‌ನಲ್ಲಿ ಪಾಳುಬಿದ್ದ ಕಲ್ಲುಕ್ವಾರಿಯ ಜಾಗವೊಂದಿತ್ತು. ಪ್ರವಾಸೋದ್ಯಮ ಇಲಾಖೆಗಾಗಿ ಸಂಘ ಅಲ್ಲಿ ಸರ್ಗಾಲಯ ಎಂಬ ಕರಕುಶಲ ಗ್ರಾಮವನ್ನು ಎಬ್ಬಿಸಿತು. ಸುಮಾರು 20 ಎಕರೆಯ ಈ ಗ್ರಾಮ 2011ರಿಂದ ನಡೆಯುತ್ತಿದೆ. ಕುಶಲಕರ್ಮಿಗಳು ಅಲ್ಲೇ ಕೂತು ಮಾಡುತ್ತಾರೆ, ಅಲ್ಲೇ ಮಾರುತ್ತಾರೆ. ಕೊಲ್ಲಂ ಜಿಲ್ಲೆಯ ಚವರದಲ್ಲಿ ಸರ್ಕಾರದ ಕಟ್ಟಡ ತರಬೇತಿ ಸಂಸ್ಥೆಯನ್ನು ನಡೆಸುವ ಹೊಣೆಯೂ ಸಂಘದ್ದಾಯಿತು.

ಯಂತ್ರಗಳು ಬಂದಾಗಲೂ ಕೆಲಸದ ಪ್ರಶ್ನೆಯೇ ಎದ್ದಿತ್ತು: ಜೆಸಿಬಿ ಬಂದರೆ ಆಳಿಗೆ ಕೆಲಸ ಉಳಿದೀತೇ? ಮೈಮುರಿಯುವ ಕೆಲಸ ಯಂತ್ರಕ್ಕೆ ಹೋಗಲಿ, ಅದರಿಂದ ದೊಡ್ಡ ಗುತ್ತಿಗೆ ಸಿಕ್ಕಿ ಎಲ್ಲರಿಗೂ ಕೆಲಸ ಉಳಿಯಲಿ ಎಂಬುದು ಅವರು ಹಿಡಿದ ದಾರಿ.

ಉಳಿದಿರುವ ಸವಾಲು

ಅಂತರರಾಷ್ಟ್ರೀಯ ಸಹಕಾರ ಒಕ್ಕೂಟದ ವರದಿಗಳಲ್ಲಿ, ವಹಿವಾಟನ್ನು ದೇಶದ ತಲಾ ಆದಾಯಕ್ಕೆ ಹೋಲಿಸಿ ನೋಡುವ ಪಟ್ಟಿಯ ಕೈಗಾರಿಕಾ ವಿಭಾಗದಲ್ಲಿ ಈ ಸಂಘ ಸ್ಪೇನಿನ ಮೊಂಡ್ರಾಗೋನ್ ನಂತರದ ಎರಡನೆಯ ಸ್ಥಾನ ಪಡೆದಿದೆ. ಟೀಕೆಗಳೂ ಇವೆ. ರಾಜ್ಯ ಸರ್ಕಾರ ಇದಕ್ಕೆ ವಿಶೇಷ ಆದ್ಯತೆ ಕೊಡುತ್ತದೆ ಎಂದು ಖಾಸಗಿ ಗುತ್ತಿಗೆದಾರರು ಆಕ್ಷೇಪಿಸುತ್ತಾರೆ. ಹೊರರಾಜ್ಯಗಳಿಂದ ಬಂದು ಇಲ್ಲಿ ದುಡಿಯುವವರು ಸದಸ್ಯರಾಗುವುದು ಹೇಗೆ ಎಂಬುದು ಇನ್ನೂ ಗಟ್ಟಿ ಪ್ರಶ್ನೆ. ಕೆಲಸ ನಿರಾಕರಿಸಲ್ಪಟ್ಟವರೇ ಕಟ್ಟಿದ ಸಂಘಕ್ಕೆ ಈ ಪ್ರಶ್ನೆ ಎದುರಿಸುವ ಹೊಣೆ ಹೆಚ್ಚು.

ಈ ಸಂಘದ ಕಥೆಯಿಂದ ನಾವು ಕಲಿಯಬೇಕಾದ್ದು ಸ್ಪಷ್ಟ. ಬಹಳಷ್ಟು ಕಂಪನಿಗಳು ಲಾಭ ಕಂಡ ಕಡೆಗೆ ಕೈ ಚಾಚುತ್ತವೆ. ಊರಾಳುಂಗಲ್ ತನ್ನವರಿಗೆ ಮುಂದಿನ ಕೆಲಸ ಎಲ್ಲಿದೆ ಎಂದು ಹುಡುಕುತ್ತ ಬೆಳೆಯಿತು. ಆ ಹುಡುಕಾಟ ಪ್ರಾಮಾಣಿಕವಾಗಿದ್ದರೆ ಮೋರಿ ಕಟ್ಟಿದ ಕೈಗಳೇ ಹೆದ್ದಾರಿಯನ್ನೂ ಕಟ್ಟಬಲ್ಲವು, ಲೆಕ್ಕಪತ್ರವನ್ನೂ ತಾವೇ ನೋಡಿಕೊಳ್ಳಬಲ್ಲವು.