ಬೆಕ್ಕಿನ ಕಾಲಿಗೆ ದೊಡ್ಡ ಗಾಯವಾದರೆ

ಕಾಳುಕಡಿಯನ್ನು ಇಲಿಗಳಿಂದ ಕಾಯುವ ಬೆಕ್ಕು ರೈತನ ಮನೆಯ ಸಂಬಳವಿಲ್ಲದ ಕಾವಲುಗಾರ. ಎತ್ತು ಕುಂಟಿದರೆ ಪಶುವೈದ್ಯರ ಬಳಿಗೆ ಓಡುವ ನಾವು, ಬೆಕ್ಕಿನ ಕಾಲು ಹರಿದರೆ 'ನೆಕ್ಕಿ ವಾಸಿಮಾಡಿಕೊಳ್ಳುತ್ತದೆ' ಎಂದು ಸುಮ್ಮನಾಗುತ್ತೇವೆ. ಸಣ್ಣ ಗೀರು ತಾನಾಗಿ ಮಾಯಬಹುದು. ಆದರೆ ವಾಹನ ಹಾಯ್ದು, ನಾಯಿ ಕಚ್ಚಿ, ಇಲ್ಲವೆ ತಂತಿಯ ಉರುಳಿಗೆ ಸಿಕ್ಕಿ ಚರ್ಮ ಸುಲಿದು ಮೂಳೆ ಕಾಣುವ ಗಾಯ ಹಾಗಲ್ಲ. ಅದರಲ್ಲಿ ಮಣ್ಣು, ಕೂದಲು, ಸತ್ತ ಮಾಂಸ ಉಳಿದು ಕೀವಾಗುತ್ತದೆ. ನೆಕ್ಕಿದಷ್ಟೂ ಗಾಯ ಕೆಡುತ್ತದೆ.

ಮೊದಲು ಮಾಡಬೇಕಾದ್ದು: ನೋವಿನಲ್ಲಿರುವ ಬೆಕ್ಕು ಸಾಕಿದವರನ್ನೂ ಕಚ್ಚುತ್ತದೆ. ಆದ್ದರಿಂದ ದಪ್ಪ ಬಟ್ಟೆಯಲ್ಲಿ ಸುತ್ತಿ ಹಿಡಿಯಿರಿ. ರಕ್ತ ಸುರಿಯುತ್ತಿದ್ದರೆ ಶುಭ್ರವಾದ ಬಟ್ಟೆಯಿಂದ 5 ನಿಮಿಷ ಒತ್ತಿಹಿಡಿಯಿರಿ. ರಕ್ತ ನಿಂತಿದ್ದರೆ, ಅರ್ಧ ಲೀಟರ್ ಕುದಿಸಿ ಆರಿಸಿದ ನೀರಿಗೆ 1 ಸಣ್ಣ ಚಮಚ ಉಪ್ಪು ಕರಗಿಸಿ, ಮೆಲ್ಲನೆ ಸುರಿದು ಗಾಯ ತೊಳೆಯಿರಿ. ಅದೇ ನೀರಿನಲ್ಲಿ ಹಿಂಡಿದ ಬಟ್ಟೆಯನ್ನು ಸಡಿಲವಾಗಿ ಸುತ್ತಿ, ಬುಟ್ಟಿಯಲ್ಲಿಟ್ಟು ಅಂದೇ ಪಶು ಆಸ್ಪತ್ರೆಗೆ ಒಯ್ಯಿರಿ. ಬಿಗಿಯಾಗಿ ದಾರ ಕಟ್ಟಿದರೆ ರಕ್ತಸಂಚಾರ ನಿಂತು ಪಾದವೇ ಸತ್ತುಹೋದೀತು.

ಮಾಡಬಾರದ್ದು: ಬೂದಿ, ಕಾಫಿಪುಡಿ, ಅರಿಸಿನ ಮೆತ್ತಬೇಡಿ, ಅವು ಗಾಯದೊಳಗೆ ಅಂಟಿ ಕುಳಿತು ತೊಳೆಯುವುದೇ ಕಷ್ಟವಾಗುತ್ತದೆ. ಹುಳುಬಿದ್ದರೂ ಸೀಮೆಎಣ್ಣೆ, ಟರ್ಪೆಂಟೈನ್, ಫಿನಾಯಿಲ್ ಹಾಕಕೂಡದು. ಬೆಕ್ಕು ಅದನ್ನು ನೆಕ್ಕಿ ವಿಷವೇರುತ್ತದೆ. ಮನುಷ್ಯರ ಜ್ವರದ ಪ್ಯಾರಾಸಿಟಮಾಲ್ ಮಾತ್ರೆಯನ್ನಂತೂ ಕೊಡಲೇಬೇಡಿ. ಒಂದೇ ಮಾತ್ರೆ ಬೆಕ್ಕಿನ ಪ್ರಾಣ ತೆಗೆಯಬಲ್ಲುದು.

ವೈದ್ಯರು ಅಂದೇ ಹೊಲಿಗೆ ಹಾಕಲಿಲ್ಲವೆಂದು ಬೇಸರಪಡಬೇಡಿ. ಕೊಳೆಯನ್ನು ಒಳಗಿಟ್ಟು ಹೊಲಿದರೆ ಕೀವು ಒಳಗೇ ತುಂಬುತ್ತದೆ. ಸತ್ತ ಮಾಂಸವನ್ನು ತೆಗೆದು, ಮೊದಲ ಕೆಲವು ದಿನ ದಿನವೂ ಪಟ್ಟಿ ಬದಲಾಯಿಸಿದರೆ, ಕೆಂಪಗೆ ಹರಳುಹರಳಾದ ಹೊಸ ಮಾಂಸ ತುಂಬಿಬರುತ್ತದೆ. ಅದು ಒಳ್ಳೆಯ ಗುರುತು. ಆಮೇಲೆ ಹೊಲಿಯಬಹುದು, ಇಲ್ಲವೆ ಚರ್ಮ ತಾನೇ ಕೂಡಿಕೊಳ್ಳಬಹುದು. ಇದಕ್ಕೆ ಹಲವು ವಾರ ಹಿಡಿಯುತ್ತದೆ. ಅಲ್ಲಿಯವರೆಗೆ ಬೆಕ್ಕನ್ನು ಒಳಗೇ ಇರಿಸಿ, ನೆಕ್ಕದಂತೆ ಕೊರಳಿಗೆ ಅಗಲವಾದ ಪಟ್ಟಿ ಹಾಕಿಸಿ. ಗಾಯ ನಾರಿದರೆ, ಬೆರಳು ತಣ್ಣಗಾದರೆ ಅಥವಾ ಬಾತರೆ, ಬೆಕ್ಕು ಮೇವು ಬಿಟ್ಟರೆ ತಡಮಾಡದೆ ಮತ್ತೆ ತೋರಿಸಿ.

ಕಾಲು ಉಳಿಯದೆಂದು ವೈದ್ಯರು ಹೇಳಿದರೂ ಎದೆಗುಂದಬೇಕಾಗಿಲ್ಲ. ಮೂರು ಕಾಲಿನ ಬೆಕ್ಕು ಚೆನ್ನಾಗಿಯೇ ಓಡಾಡಿಕೊಂಡು ಬಾಳುತ್ತದೆ.

ಕೊನೆಯದಾಗಿ ನಿಮ್ಮ ಕ್ಷೇಮದ ಮಾತು: ಬೆಕ್ಕು ಕಚ್ಚಿದರೆ ಅಥವಾ ಪರಚಿದರೆ ಆ ಜಾಗವನ್ನು ಸೋಪು ಹಚ್ಚಿ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ ರೇಬೀಸ್ ಚುಚ್ಚುಮದ್ದಿನ ಬಗ್ಗೆ ಕೇಳಿ. ಹುಚ್ಚುನಾಯಿಯಿಂದ ಬರುವ ರೋಗ ಬೆಕ್ಕಿನಿಂದಲೂ ಬರುತ್ತದೆ.