ಗೀರಿನ ತಳದವರೆಗೆ

ಸಂಜೆ ಐದರ ಹೊತ್ತಿಗೆ ಅಲಂಪುರ ಚೌರಸ್ತಾದಿಂದ ಐಜ ಮಾರ್ಗವಾಗಿ ರಾಯಚೂರಿನತ್ತ ಹೊರಟರೆ ಸೂರ್ಯ ಎದುರಿಗೇ ಬರುತ್ತಾನೆ. ಅಲ್ಲಿಯವರೆಗೆ ತಿಳಿಯಾಗಿದ್ದ ಗಾಡಿಯ ಮುಂಗಾಜಿನ ಮೇಲೆ ಬಿಲ್ಲಿನಾಕಾರದ ಗೆರೆಗಳು ಒಮ್ಮೆಲೇ ಎದ್ದು ಕಾಣುತ್ತವೆ. ಧೂಳು ಕೂತ ಗಾಜಿನ ಮೇಲೆ ನೀರು ಬಿಡದೆ ವೈಪರ್ ಆಡಿಸಿದಾಗ, ರಬ್ಬರಿನ ಅಡಿಗೆ ಸಿಕ್ಕ ಮರಳಿನ ಕಣ ಎಳೆದ ಗೀರುಗಳು ಅವು. ರಾತ್ರಿ ಎದುರು ಲಾರಿಯ ದೀಪ ಬಿದ್ದರೆ ಅದೇ ಗೀರುಗಳು ಬೆಳಕನ್ನು ಚೆದುರಿಸಿ ರಸ್ತೆಯನ್ನೇ ಮರೆಮಾಡುತ್ತವೆ.

ಈ ಚೌರಸ್ತಾಕ್ಕೆ ಹತ್ತಿರದ ಊರು ಉಂಡವಳ್ಳಿ. ಕೃಷ್ಣೆಯ ಕೆಳದಂಡೆಯ ಗುಹೆಗಳ ಉಂಡವಳ್ಳಿ ಬೇರೆ. ಇದು ಜೋಗುಳಾಂಬ ಗದ್ವಾಲ ಜಿಲ್ಲೆಯದು, ಶ್ರೀನಗರದಿಂದ ಕನ್ಯಾಕುಮಾರಿಗೆ ಹೋಗುವ 44ನೇ ಹೆದ್ದಾರಿಯ ಮಗ್ಗುಲಿನದು. ಪಕ್ಕದ ಅಲಂಪುರದಲ್ಲಿ ಬಾದಾಮಿ ಚಾಲುಕ್ಯರ ಕಾಲದ ನವಬ್ರಹ್ಮ ಗುಡಿಗಳಿವೆ. ಅವುಗಳ ಗೋಡೆಗೆ ಕಲ್ಲಿನಲ್ಲಿ ಕೊರೆದ ಜಾಲಂಧ್ರಗಳೇ ಕಿಟಕಿ. ಆ ಕಲ್ಲಿಗೆ ಒಂದು ಗೀರು ಬಿದ್ದರೆ ಯಾರ ಕಣ್ಣಿಗೂ ಬೀಳದು. ಗಾಜಿನಲ್ಲಿ ಮಾತ್ರ ಕೂದಲೆಳೆಯಷ್ಟು ಗೀರೂ ಅಡಗುವುದಿಲ್ಲ.

ಇದಕ್ಕೆ ಕಾರಣ ಗಡಸುತನದ ಲೆಕ್ಕದಲ್ಲಿದೆ. ಖನಿಜಗಳ ಗಡಸುತನ ಅಳೆಯುವ ಮೋಸ್ ಮಾಪನದಲ್ಲಿ ಕಿಟಕಿ ಗಾಜು 5.5ರ ಆಸುಪಾಸು, ಮರಳಿನ ಸ್ಫಟಿಕ 7. ಹೊಲದ ಧೂಳಿನಲ್ಲಿ, ಸಿಮೆಂಟಿನ ಗಾರೆಯಲ್ಲಿ, ಒರೆಸುವ ಬಟ್ಟೆಯ ಮಡಿಕೆಯಲ್ಲಿ ಈ ಕಣ ಇದ್ದೇ ಇರುತ್ತದೆ. ಮನೆಗೆ ಬಣ್ಣ ಮಾಡಿಸಿದಾಗ ಗಾಜಿನ ಮೇಲೆ ಸಿಡಿದ ಹನಿಗಳನ್ನು ನಾನೂ ಒಣ ಬ್ಲೇಡಿನಿಂದ ಕೆರೆದವನೇ. ಮರುದಿನ ಬೆಳಗಿನ ಬಿಸಿಲಿಗೆ ಕಿಟಕಿಯ ತುಂಬ ಗೀರು. ಗಾಜಿನ ಪಾಲಿಶ್ ಕೆಲಸವನ್ನು ನಾನು ಹತ್ತಿರದಿಂದ ನೋಡಿದ್ದು ಆಮೇಲೆ.

ಈ ಕಸುಬಿನ ಮೊದಲ ತಿಳಿವಳಿಕೆಯೇ ಬೇರೆ. ಗೀರನ್ನು ಯಾರೂ ತೆಗೆಯುವುದಿಲ್ಲ, ತೆಗೆಯಲು ಅಲ್ಲಿ ಏನೂ ಇಲ್ಲ; ಅದೊಂದು ತಗ್ಗು. ಹೊಲದ ತಗ್ಗಾದರೆ ಮಣ್ಣು ತಂದು ತುಂಬಬಹುದು. ಗಾಜಿಗೆ ಹಾಗೆ ತುಂಬಲು ಬರುವುದಿಲ್ಲ, ಸುತ್ತಲಿನ ಹೊಲವನ್ನೇ ತಗ್ಗಿನ ತಳದವರೆಗೆ ಇಳಿಸಬೇಕು. ಆದ್ದರಿಂದ ಮೊದಲು ಉಗುರನ್ನು ಗೀರಿಗೆ ಅಡ್ಡವಾಗಿ ಆಡಿಸಿ ನೋಡುತ್ತಾರೆ. ಉಗುರು ತಡೆಯದೆ ಜಾರಿದರೆ ಪಾಲಿಶ್ ಸಾಕು. ತಡೆದರೆ ಮೊದಲು ನಯವಾದ ಸಾಣೆ ಬಿಲ್ಲೆಗಳಲ್ಲಿ, ಒರಟಿನಿಂದ ನಯಕ್ಕೆ ಒಂದೊಂದೇ ಮೆಟ್ಟಿಲು ಇಳಿಯಬೇಕು. ಪ್ರತಿ ಬಿಲ್ಲೆಯೂ ಹಿಂದಿನದರ ಗೀರನ್ನು ಅಳಿಸಿ ತನ್ನದೇ ಸಣ್ಣ ಗೀರುಗಳನ್ನು ಬಿಡುತ್ತದೆ. ಕೊನೆಯ ಬಿಲ್ಲೆ ಮುಗಿದಾಗ ಗಾಜು ಹಾಲಿನ ಹಾಗೆ ಮಬ್ಬಾಗಿರುತ್ತದೆ. ಮೊದಲ ಸಲ ನೋಡಿದವರಿಗೆ ಗಾಜು ಕೆಟ್ಟೇಹೋಯಿತು ಎನಿಸಬೇಕು.

ಮಬ್ಬು ಬಿಡಿಸುವುದು ಸೀರಿಯಂ ಆಕ್ಸೈಡ್ ಎಂಬ ತಿಳಿ ಬಣ್ಣದ ಪುಡಿ. ಅದನ್ನು ನೀರಿನಲ್ಲಿ ಮಜ್ಜಿಗೆಯ ಹದಕ್ಕೆ ಕಲಸಿ, ಉಣ್ಣೆಯ ಫೆಲ್ಟ್ ಪ್ಯಾಡಿಗೆ ಹಚ್ಚಿ, ನಿಧಾನ ತಿರುಗುವ ಯಂತ್ರದಿಂದ ಉಜ್ಜುತ್ತಾರೆ. ಗಾಜಿನ ಹಿಂಬದಿಯಲ್ಲಿ ಮೊದಲೇ ಪೆನ್ನಿನಿಂದ ಗೀರಿನ ಗುರುತು ಹಾಕಿಕೊಂಡಿರುತ್ತಾರೆ. ಪುಡಿ ಮೆತ್ತಿದ ಮೇಲೆ ಗೀರು ಎಲ್ಲಿತ್ತೆಂದು ತಿಳಿಯುವುದೇ ಇಲ್ಲವಲ್ಲ! ನೀರು ಆರಬಾರದು. ಅದು ತಂಪು ಮಾಡಲು ಮಾತ್ರ ಅಲ್ಲ, ನೀರು ಗಾಜಿನ ಮೇಲ್ಪದರಕ್ಕೆ ಇಳಿದು ಅದನ್ನು ಮೆತ್ತಗಾಗಿಸುತ್ತದೆ, ಸೀರಿಯಂ ಆ ಪದರದ ಸಿಲಿಕಾದೊಂದಿಗೆ ರಾಸಾಯನಿಕವಾಗಿ ಬೆಸೆದುಕೊಂಡು ಅದನ್ನು ಚೂರುಚೂರೇ ಎತ್ತಿಕೊಂಡು ಹೋಗುತ್ತದೆ. ಅರೆಯುವಿಕೆ ಅರ್ಧ, ರಸಾಯನ ಅರ್ಧ. ಗಾಜಿಗೆ ಟೂತ್‌ಪೇಸ್ಟ್ ತಿಕ್ಕುವವರ ಶ್ರಮ ವ್ಯರ್ಥವಾಗುವುದು ಇದಕ್ಕೇ. ಹಲವು ಪೇಸ್ಟುಗಳಲ್ಲಿರುವ ಸುಣ್ಣಕಲ್ಲಿನ ಪುಡಿಯ ಗಡಸುತನ 3. ಅದು ಕೊಳೆ ತೆಗೆದೀತು, ಗಾಜನ್ನು ಇಳಿಸಲಾರದು.

ಕೆಲಸ ಮಾಡುವವರು ಆಗಾಗ ಯಂತ್ರ ನಿಲ್ಲಿಸಿ ಅಂಗೈ ಹಿಂಬದಿಯನ್ನು ಗಾಜಿಗೆ ತಾಗಿಸುತ್ತಾರೆ. ಒಂದೇ ಕಡೆ ಕಾವು ಏರಿದರೆ ಗಾಜು ಬಿರಿಯುತ್ತದೆ. ಒಂದೇ ಕಡೆ ಉಜ್ಜಿದರೆ ಇನ್ನೊಂದು ಅಪಾಯ: ಅಲ್ಲಿ ಗುಳಿ ಬಿದ್ದು ಗಾಜು ಮಸೂರವಾಗುತ್ತದೆ, ಆಚೆಯ ಕಂಬ ಡೊಂಕಾಗಿ ಕಾಣುತ್ತದೆ. ಗೀರು ಬೆರಳಗಲವಿದ್ದರೂ ಮೊಳದಗಲ ಉಜ್ಜಿ ಅಂಚನ್ನು ಬೆರೆಸುವುದು ಈ ಕಾರಣಕ್ಕೆ. ಚಾಲಕರ ಕಣ್ಣಿನ ನೇರಕ್ಕೆ ಆಳದ ಗೀರು ಇದ್ದರೆ ಮುಂಗಾಜನ್ನು ಬದಲಿಸುವುದೇ ಸರಿ. ಬಿಸಿಲು ತಡೆಯುವ ಲೇಪವಿರುವ ಗಾಜನ್ನು ಆ ಮೈಯಿಂದ ಮುಟ್ಟಲೇಬಾರದು, ಲೇಪವೇ ಹೋಗುತ್ತದೆ. ಟಫನ್ಡ್ ಗಾಜಿನ ಬಲವಿರುವುದು ಎರಡೂ ಮೈಗಳ ಬಿಗಿದ ಪದರದಲ್ಲಿ. ಅದನ್ನು ಆಳವಾಗಿ ಅರೆದರೆ ಇಡೀ ಗಾಜು ಪುಡಿಯಾಗಬಹುದು.

ಉಜ್ಜುವ ಸೀರಿಯಂ ಪುಡಿಯ ಮೂಲವೂ ಮರಳೇ. ಕೇರಳದ ಚವರ, ತಮಿಳುನಾಡಿನ ಮಣವಾಳಕುರಿಚ್ಚಿಯ ಕಡಲ ಮರಳಿನಲ್ಲಿ ಮೊನಜೈಟ್ ಎಂಬ ಖನಿಜವಿದೆ. ಅದರಲ್ಲಿನ ವಿರಳ ಧಾತುಗಳಲ್ಲಿ ಸುಮಾರು ಅರ್ಧ ಸೀರಿಯಂ. ಮೊನಜೈಟನ್ನು ಸಂಸ್ಕರಿಸಲೆಂದು ಇಂಡಿಯನ್ ರೇರ್ ಅರ್ಥ್ಸ್ ಸಂಸ್ಥೆ 1950ರಲ್ಲಿ ಹುಟ್ಟಿತು, 1952ರಲ್ಲಿ ಆಲುವಾದಲ್ಲಿ ಅದರ ಕಾರ್ಖಾನೆ ಶುರುವಾಯಿತು. ಸೀರಿಯಂ ಬರುವ ಮುನ್ನ ಮಸೂರ ಮಾಡುವವರು ಕಬ್ಬಿಣದ ಆಕ್ಸೈಡಿನ ಕೆಂಪು ಪುಡಿಯನ್ನು ಬಳಸುತ್ತಿದ್ದರು. ಕೆಲಸ ನಿಧಾನ, ಕೈ ಬಟ್ಟೆ ಎಲ್ಲ ಕೆಂಪು.

ಇದೇ ಕಸುಬು ಅತಿ ಎತ್ತರಕ್ಕೇರಿದ್ದನ್ನು ನೋಡಲು ಬೆಂಗಳೂರಿಗೇ ಬರಬೇಕು. ಕಾವಲೂರಿನ ವೇಣು ಬಾಪು ದೂರದರ್ಶಕದ 2.34 ಮೀಟರ್ ಅಗಲದ ಕನ್ನಡಿಯನ್ನು ಅರೆದು ಮೆರುಗು ಕೊಟ್ಟದ್ದು ಕೋರಮಂಗಲದ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ಪ್ರಯೋಗಾಲಯದಲ್ಲಿ, ಎ.ಪಿ. ಜಯರಾಜನ್ ಮತ್ತು ಅವರ ಸಂಗಡಿಗರು. 1986ರಲ್ಲಿ ಆ ದೂರದರ್ಶಕಕ್ಕೆ ಖಗೋಳ ವಿಜ್ಞಾನಿ ವೇಣು ಬಾಪು ಅವರ ಹೆಸರಿಟ್ಟರು. ಅಲ್ಲಿ ತಪ್ಪಿಗೆ ಇರುವ ಜಾಗ ಬೆಳಕಿನ ಅಲೆಯುದ್ದದ ಒಂದು ಪಾಲು ಮಾತ್ರ. ಉಜ್ಜುವುದು, ನಿಲ್ಲಿಸುವುದು, ತಣಿಯಲು ಬಿಟ್ಟು ಅಳೆಯುವುದು, ಮತ್ತೆ ಉಜ್ಜುವುದು. ಅಷ್ಟು ತಾಳ್ಮೆಯ ಚಿಕ್ಕದೊಂದು ಪಾಲನ್ನು ನಮ್ಮ ಕಿಟಕಿಯೂ ಕೇಳುತ್ತದೆ.

ನಮ್ಮ ಮನೆಯ ಕಿಟಕಿಗೆ ಒಂದು ಮಧ್ಯಾಹ್ನ ಪೂರ್ತಿ ಹಿಡಿಯಿತು. ಕೊನೆಗೆ ಗಾಜನ್ನು ತೊಳೆದು, ಟಾರ್ಚನ್ನು ಓರೆಯಾಗಿ ಹಿಡಿದು ಮೂಲೆಯಿಂದ ಮೂಲೆಗೆ ನೋಡಿದರು. ಕೆಳಗಿನ ಮೂಲೆಯಲ್ಲಿ ಒಂದು ಗೀರು ಉಳಿದಿತ್ತು. ಅದರ ತಳ ಮುಟ್ಟಲು ಹೋದರೆ ಅಲ್ಲಿ ಗುಳಿ ಬೀಳುತ್ತದೆಂದು ಹೇಳಿ ಅದನ್ನು ಹಾಗೇ ಬಿಟ್ಟರು, ಹಿಂಬದಿಯ ಪೆನ್ನಿನ ಗುರುತುಗಳನ್ನು ಒದ್ದೆ ಬಟ್ಟೆಯಿಂದ ಒರೆಸಿದರು.